ವೈನರ್ ಅವರ ನಾಲ್ಕನೆಯ ನಕ್ಷೆ

ಅರ್ಥಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ತೊಡಗಿದ ವಿದ್ಯಾರ್ಥಿಯು ಮೊದಲ ವರ್ಷದಲ್ಲಿಯೇ ಎದುರಿಸಬೇಕಾದ ಪ್ರಮೇಯಗಳಲ್ಲಿ ಆವರಣ ಪ್ರಮೇಯವೂ ಒಂದು. ಇಂದಿನ ಪಠ್ಯಗ್ರಂಥಗಳಲ್ಲಿ ಅದಕ್ಕೆ ದೊರೆಯುವ ಸ್ಥಳ ಒಂದೆರಡು ಪುಟ. ಸಾಧನೆಯೋ ನಾಲ್ಕಾರು ಸಾಲು. ಆದರೆ ಇದೇ ವಿಷಯದಲ್ಲಿ ಆ ಶಾಸ್ತ್ರದ ಅತ್ಯಂತ ಸಮರ್ಥ ಅಧ್ಯಾಪಕರಲ್ಲೊಬ್ಬರು 1931ರಲ್ಲಿ ಎಡವಿದರು, ಮತ್ತು ಅವರಿಗಾಗಿ ನಕ್ಷೆ ಬರೆಯುತ್ತಿದ್ದ ಗಣಿತಜ್ಞರೊಬ್ಬರು ಎಡವಲು ಒಪ್ಪಲಿಲ್ಲ. ಬೆಲೆ ಸಿದ್ಧಾಂತದ ಬೋಧನೆಯ ಚರಿತ್ರೆಯಲ್ಲಿ ಈ ಪ್ರಸಂಗವನ್ನು ಬಹುಮಟ್ಟಿಗೆ ನಗೆಯ ಮಾತಾಗಿ ಹೇಳುವುದುಂಟು. ಅದರಲ್ಲಿ ನಗೆಗಿಂತ ಹೆಚ್ಚಿನದೇನೋ ಇದೆಯೆಂದು ನನಗೆ ತೋರುತ್ತದೆ.

ಜೇಕಬ್ ವೈನರ್ ಅವರು 1892ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಜನಿಸಿ, ಹಾರ್ವರ್ಡಿನಲ್ಲಿ ಟೌಸಿಗ್ ಅವರ ಶಿಷ್ಯರಾಗಿ, 1946ರವರೆಗೆ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ ನಡೆಸಿದವರು. ಅವರು ಕಲಿಸುತ್ತಿದ್ದ 'ಅರ್ಥಶಾಸ್ತ್ರ 301' ಎಂಬ ತರಗತಿಯು ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ಅಗ್ನಿಪರೀಕ್ಷೆಯೇ ಆಗಿತ್ತು. 1932ರಲ್ಲಿ ಅಲ್ಲಿಗೆ ಬಂದ ಮಿಲ್ಟನ್ ಫ್ರೀಡ್‌ಮನ್ ಅವರು, ವೈನರ್ ಅವರು ವಿದ್ಯಾರ್ಥಿಗಳನ್ನು ಅಕಾರಾದಿಯಾಗಿ ಕುಳ್ಳಿರಿಸುತ್ತಿದ್ದ ಕಾರಣದಿಂದಲೇ ರೋಸ್ ಡೈರೆಕ್ಟರ್ ಅವರ ಪಕ್ಕದಲ್ಲಿ ಕುಳಿತು ಮುಂದೆ ಅವರ ಕೈಹಿಡಿದರು. ಪಾಲ್ ಸ್ಯಾಮ್ಯುಯೆಲ್ಸನ್ ಅವರೂ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದಾಗಲೇ ಈ ತರಗತಿಯಲ್ಲಿ ಕುಳಿತಿದ್ದರು. ಅಂದು ಆ ತರಗತಿಯ ಆಯುಧಗಳೆಂದರೆ ಮಾರ್ಷಲ್ ಅವರ ಗ್ರಂಥ, ಕರಿಹಲಗೆಯ ಮೇಲಿನ ರೇಖೆಗಳು ಮತ್ತು ನಿಷ್ಕರುಣೆಯ ತರ್ಕ. ಕಲನಶಾಸ್ತ್ರವನ್ನು ಅರಿಯದವನೂ ಆಗ ಅರ್ಥಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸನಾಗಬಹುದಾಗಿತ್ತು.

1931ರಲ್ಲಿ ವಿಯೆನ್ನಾ ನಗರದ ಪತ್ರಿಕೆಯೊಂದರಲ್ಲಿ ವೈನರ್ ಅವರು ವೆಚ್ಚದ ರೇಖೆಗಳನ್ನೂ ಪೂರೈಕೆಯ ರೇಖೆಗಳನ್ನೂ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ನಾವು ಇಂದಿಗೂ ತರಗತಿಯಲ್ಲಿ ಬರೆಯುವ ಅಲ್ಪಾವಧಿ ಮತ್ತು ದೀರ್ಘಾವಧಿ ವೆಚ್ಚದ ಚಿತ್ರಗಳು ಬಹುಪಾಲು ಆ ಪ್ರಬಂಧದ ಸಂತತಿಯೇ. ಕಾರ್ಖಾನೆಯ ಗಾತ್ರವು ಸ್ಥಿರವಾಗಿರುವಾಗ ಸರಾಸರಿ ವೆಚ್ಚವು ಮೊದಲು ಇಳಿದು ಅನಂತರ ಏರುತ್ತದೆ; ಒಂದೊಂದು ಗಾತ್ರಕ್ಕೂ ಇಂತಹ ಒಂದೊಂದು ಬಟ್ಟಲಿನಾಕಾರದ ರೇಖೆಯುಂಟು. ಗಾತ್ರವನ್ನೇ ಬದಲಿಸಿಕೊಳ್ಳಲು ಕಾಲಾವಕಾಶವಿದ್ದರೆ ವೆಚ್ಚವೆಷ್ಟಾಗುವುದೆಂಬುದನ್ನು ತೋರಿಸುವುದು ದೀರ್ಘಾವಧಿಯ ರೇಖೆ. ವೈನರ್ ಅವರು ತಮ್ಮ ನಾಲ್ಕನೆಯ ನಕ್ಷೆಗೆ ಎರಡು ನಿಬಂಧನೆಗಳನ್ನು ವಿಧಿಸಿದರು. ದೀರ್ಘಾವಧಿಯ ರೇಖೆಯು ಪ್ರತಿಯೊಂದು ಬಟ್ಟಲಿನ ತಳವನ್ನೂ ಹಾದುಹೋಗಬೇಕು. ಹಾಗೆ ಹೋಗುವಾಗ ಯಾವ ಬಟ್ಟಲಿನ ಯಾವ ಭಾಗಕ್ಕಿಂತಲೂ ಅದು ಮೇಲಿರಕೂಡದು.

ನಕ್ಷೆಗಾರರಾಗಿದ್ದ ವೈ. ಕೆ. ವಾಂಗ್ ಎಂಬ ಚೀನೀ ಗಣಿತಜ್ಞರು ಇದು ಆಗದೆಂದರು. ಅವರ ಆಕ್ಷೇಪಣೆಯು ಸರಳವಾದುದು. ಬಟ್ಟಲಿನ ತಳದಲ್ಲಿ ರೇಖೆಯ ಇಳಿಜಾರು ಸೊನ್ನೆ. ದೀರ್ಘಾವಧಿಯ ರೇಖೆಯು ಅಲ್ಲಿ ಇನ್ನೂ ಕೆಳಗಿಳಿಯುತ್ತಿದ್ದರೆ ಎರಡು ರೇಖೆಗಳೂ ಒಂದನ್ನೊಂದು ಸ್ಪರ್ಶಿಸಿ ಸರಿದುಹೋಗುವುದಿಲ್ಲ, ಕತ್ತರಿಸಿಕೊಳ್ಳುತ್ತವೆ. ಕತ್ತರಿಸಿಕೊಂಡರೆ ತಳದ ಎಡಗಡೆಯಲ್ಲಿ ದೀರ್ಘಾವಧಿಯ ರೇಖೆಯು ಬಟ್ಟಲಿಗಿಂತ ಮೇಲಿರಲೇಬೇಕು. ಎರಡು ನಿಬಂಧನೆಗಳಲ್ಲಿ ಒಂದನ್ನು ಬಿಡದೆ ಗತ್ಯಂತರವಿಲ್ಲ. ವೈನರ್ ಅವರು ತಳವನ್ನು ಉಳಿಸಿಕೊಂಡರು. ಪ್ರಕಟವಾದ ನಕ್ಷೆಯಲ್ಲಿ ಅಲ್ಪಾವಧಿಯ ರೇಖೆಗಳು ಅಲ್ಲಲ್ಲಿ ದೀರ್ಘಾವಧಿಯ ರೇಖೆಗಿಂತ ಕೆಳಗಿಳಿದಿವೆ. ಅದಕ್ಕೆ ಅವರು ಕೊಟ್ಟ ಅಡಿಟಿಪ್ಪಣಿಯು ಪ್ರಸಿದ್ಧವಾದುದು: ನಕ್ಷೆಗಾರರು ಅರ್ಥಶಾಸ್ತ್ರಜ್ಞರಲ್ಲ, ಗಣಿತಜ್ಞರು, ಅವರ ಆಕ್ಷೇಪಣೆಯು ತಮಗೆ ಅರ್ಥವಾಗಲಿಲ್ಲ, ಆದರೆ ಅವರು ತಮ್ಮ ಕಸುಬಿನ ಸಂಕೋಚವನ್ನು ಬಿಟ್ಟು, ಅಸಂಬದ್ಧವೇ ಆಗಿರಲಿ, ತಮ್ಮ ಸೂಚನೆಯಂತೆ ಬರೆಯಲು ಒಪ್ಪಲಿಲ್ಲ, ಎಂಬುದು ಅದರ ತಾತ್ಪರ್ಯ.

ಇದು ಕೇವಲ ರೇಖಾಗಣಿತದ ತೊಡಕೆಂದು ಭಾವಿಸಿದರೆ ಪ್ರಸಂಗದ ತಿರುಳೇ ತಪ್ಪಿಹೋಗುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಕಾರ್ಖಾನೆಗೆ ಯಾವ ಗಾತ್ರದ ಯಂತ್ರವಿದ್ದರೂ ತಪ್ಪದ ಖರ್ಚು ದಿನಕ್ಕೆ 30 ರೂಪಾಯಿ. ಅದರ ಮೇಲೆ ಯಂತ್ರದ ಬಾಡಿಗೆ. ಕೂಲಿಯ ಖರ್ಚೋ, ತಯಾರಾಗುವ ಸರಕಿನ ಸಂಖ್ಯೆಯ ವರ್ಗವನ್ನು ಯಂತ್ರದ ಬಾಡಿಗೆಯಿಂದ ಭಾಗಿಸಿದಷ್ಟು ಎಂದಿರಲಿ. 10 ರೂಪಾಯಿ ಬಾಡಿಗೆಯ ಯಂತ್ರದಲ್ಲಿ 10 ಸರಕು ತಯಾರಿಸಿದರೆ ಕೂಲಿ 10, ಒಟ್ಟು ಖರ್ಚು 50, ಸರಾಸರಿ 5 ರೂಪಾಯಿ. ಅದೇ ಯಂತ್ರದಲ್ಲಿ 20 ಸರಕು ತೆಗೆದರೆ ಕೂಲಿ 40, ಒಟ್ಟು 80, ಸರಾಸರಿ 4. ಇದೇ ಆ ಯಂತ್ರದ ತಳ, ಅದಕ್ಕಿಂತ ಅಗ್ಗವಾಗಿ ಅದು ಎಂದೂ ಕೆಲಸ ಮಾಡಲಾರದು. ಆದರೆ 20 ಸರಕು ಬೇಕಾದವನು 20 ರೂಪಾಯಿ ಬಾಡಿಗೆಯ ಯಂತ್ರವನ್ನು ತಂದರೆ ಕೂಲಿ 20, ಒಟ್ಟು 70, ಸರಾಸರಿ ಮೂರೂವರೆ ರೂಪಾಯಿ ಮಾತ್ರ. ಚಿಕ್ಕ ಯಂತ್ರವನ್ನು ಅದರ ಅತ್ಯುತ್ತಮ ಸ್ಥಿತಿಯಲ್ಲಿ ದುಡಿಸುವುದಕ್ಕಿಂತ ದೊಡ್ಡ ಯಂತ್ರವನ್ನು ಅದರ ಶಕ್ತಿಗಿಂತ ಕಡಮೆ ದುಡಿಸುವುದೇ ಇಲ್ಲಿ ಲಾಭಕರ. ತಳಗಳನ್ನು ಹಾದುಹೋಗುವ ರೇಖೆಯು 20 ಸರಕಿಗೆ 4 ರೂಪಾಯಿ ಎನ್ನುತ್ತದೆ. ನಿಜವಾದ ದೀರ್ಘಾವಧಿಯ ವೆಚ್ಚ ಮೂರೂವರೆ. ಹಾಗೆಯೇ 10 ಸರಕಿಗೆ 10 ರೂಪಾಯಿಯ ಯಂತ್ರವೇ ಅತ್ಯಂತ ಮಿತವ್ಯಯದ್ದು. ಆದರೂ ಅದು ಅಲ್ಲಿ ತನ್ನ ತಳದಿಂದ ದೂರವಾಗಿಯೇ ದುಡಿಯುತ್ತಿರುತ್ತದೆ. ವಾಂಗ್ ಅವರಿಗೆ ಈ ಯಂತ್ರ, ಕೂಲಿಗಳ ಮಾತು ಬೇಕಾಗಿರಲಿಲ್ಲ. ವೈನರ್ ಅವರಿಗೆ ಗಣಿತದ ಮಾತು ಬೇಕಾಗಿರಲಿಲ್ಲ. ಅವರದೇ ಶಾಸ್ತ್ರವು ಅದನ್ನೇ ಹೇಳುತ್ತಿತ್ತು.

ಅಷ್ಟು ಚುರುಕುಬುದ್ಧಿಯವರು ಇದನ್ನೇಕೆ ಕಾಣಲಿಲ್ಲ? ನನ್ನ ಊಹೆ ಇಷ್ಟು. ಪೂರ್ಣ ಸ್ಪರ್ಧೆಯ ದೀರ್ಘಾವಧಿ ಸಮತೋಲದಲ್ಲಿ ಸಂಸ್ಥೆಯು ದೀರ್ಘಾವಧಿ ರೇಖೆಯ ತಳದಲ್ಲಿರುತ್ತದೆ, ಆ ಒಂದು ಬಿಂದುವಿನಲ್ಲಿ ಮಾತ್ರ ಎರಡು ರೇಖೆಗಳ ತಳಗಳೂ ಕೂಡುತ್ತವೆ. ಸಮತೋಲವನ್ನೇ ಮನಸ್ಸಿನಲ್ಲಿಟ್ಟುಕೊಂಡವರಿಗೆ ಆ ಬಿಂದುವಿನ ಗುಣವು ರೇಖೆಯ ಉದ್ದಕ್ಕೂ ಇರುವಂತೆ ಕಾಣುವುದು ಸಹಜ. ನಮ್ಮ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿಯೂ ಈ ತಪ್ಪು ಇದೇ ದಾರಿಯಿಂದ ಬರುತ್ತದೆ. ('ಆವರಣ'ವೆಂಬ ಪದವನ್ನು 'ಲಕೋಟೆ'ಯೆಂದು ಅನುವಾದಿಸುವವರಿಂದ ಇನ್ನಷ್ಟು ಗೊಂದಲ. ಇಲ್ಲಿ ಬೇಕಾದುದು ಕಾಗದವನ್ನು ತುಂಬುವ ಚೀಲವಲ್ಲ. ಹಲವು ರೇಖೆಗಳನ್ನು ಕೆಳಗಿನಿಂದ ತಾಗಿ ಸಾಗುವ ಅಂಚು.) ಅದೇ 1931ರಲ್ಲಿ ಇಂಗ್ಲೆಂಡಿನ ಹ್ಯಾರಡ್ ಅವರು ಈ ಸಂಬಂಧವನ್ನು ಸರಿಯಾಗಿಯೇ ಗ್ರಹಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು.

ಪ್ರಬಂಧವು ಪುನರ್ಮುದ್ರಣಗೊಂಡಾಗ ವೈನರ್ ಅವರು 1950ರಲ್ಲಿ ಒಂದು ಅನುಬಂಧವನ್ನು ಬರೆದರು. ತಿದ್ದುವ ಅವಕಾಶವಿದ್ದರೂ ತಾವು ತಿದ್ದಿಲ್ಲವೆಂದೂ, ಮುಂದಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ತಪ್ಪನ್ನು ತೋರಿಸುವ ಸಂತೋಷವನ್ನು ಕಳೆದುಕೊಳ್ಳದಿರಲೆಂದು ನಾಲ್ಕನೆಯ ನಕ್ಷೆಯನ್ನು ಇದ್ದಂತೆಯೇ ಬಿಟ್ಟಿರುವುದಾಗಿಯೂ ಅದರಲ್ಲಿ ಹೇಳಿದರು. ತಾವು ಕೊಟ್ಟ ಕೆಲಸವು ಗಣಿತದ ದೃಷ್ಟಿಯಿಂದ ಅಸಾಧ್ಯವೂ ಅರ್ಥಶಾಸ್ತ್ರದ ದೃಷ್ಟಿಯಿಂದ ಅನುಚಿತವೂ ಆಗಿತ್ತೆಂದು ಅವರು ಒಪ್ಪಿಕೊಂಡರು. ನಕ್ಷೆಗಾರರಿಗೆ ಅಲ್ಲಿ ಪ್ರಶಂಸೆಯೂ ಸಂದಿತು. ಇಷ್ಟು ನೇರವಾದ ಒಪ್ಪಿಗೆಯನ್ನು ಪಂಡಿತರ ಬರಹಗಳಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ.

ಅಷ್ಟರಲ್ಲಿ ಕಾಲವು ಬದಲಾಗಿತ್ತು. 1947ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ಸನ್ ಅವರ ಗ್ರಂಥದಲ್ಲಿ ಆವರಣದ ಸಂಬಂಧವು ವೆಚ್ಚಕ್ಕೆ ಮಾತ್ರವಲ್ಲದೆ ಗರಿಷ್ಠ, ಕನಿಷ್ಠಗಳನ್ನು ಅರಸುವ ಎಲ್ಲ ಸಮಸ್ಯೆಗಳಿಗೂ ಸಾಮಾನ್ಯವಾದ ತತ್ತ್ವವಾಯಿತು. ವೈನರ್ ಅವರು 1946ರಲ್ಲಿ ಪ್ರಿನ್ಸ್‌ಟನ್ನಿಗೆ ಹೋದಾಗ ಅವರಿಂದ ತೆರವಾದ ಸ್ಥಾನಕ್ಕೆ ಫ್ರೀಡ್‌ಮನ್ ಅವರು ಬಂದು ಬೆಲೆ ಸಿದ್ಧಾಂತವನ್ನು ಹಳೆಯ ರೀತಿಗೆ ಹತ್ತಿರವಾಗಿಯೇ ಕಲಿಸಿದರು. ಆದರೆ ಇತರೆಡೆಗಳಲ್ಲಿ ಹೆಂಡರ್ಸನ್ ಮತ್ತು ಕ್ವಾಂಟ್ ಅವರ 1958ರ ಪಠ್ಯ, ಡೆಬ್ರೂ ಅವರ 1959ರ ಗ್ರಂಥಗಳಂತಹವು ವಿದ್ಯಾರ್ಥಿಗಳನ್ನು ಬೇರೊಂದು ದಾರಿಗೆ ಎಳೆದವು. 1995ರಲ್ಲಿ ಬಂದ ಮಾಸ್-ಕೊಲೆಲ್, ವಿನ್‌ಸ್ಟನ್ ಮತ್ತು ಗ್ರೀನ್ ಅವರ ಬೃಹದ್ಗ್ರಂಥದಲ್ಲಿ ಆವರಣ ಪ್ರಮೇಯವು ಗಣಿತದ ಅನುಬಂಧದಲ್ಲಿ ತಣ್ಣಗೆ ಕುಳಿತಿದೆ. ಇಂದಿನ ವಿದ್ಯಾರ್ಥಿಯು ವಾಂಗ್ ಅವರ ಪಕ್ಷದವನು, ಸರಿ. ಆದರೆ ಪ್ರಮೇಯವನ್ನು ತಡವರಿಸದೆ ಸಾಧಿಸಿದವನನ್ನು, 20 ಸರಕಿಗೆ ಯಾವ ಯಂತ್ರವನ್ನು ತರುವೆ, ಏಕೆ ಎಂದು ಕೇಳಿದಾಗ ಅವನು ಸುಮ್ಮನಾದುದನ್ನು ನಾನು ಅನೇಕ ಸಲ ನೋಡಿದ್ದೇನೆ.

ಈ ನಕ್ಷೆಯ ಗದ್ದಲದಲ್ಲಿ ಪ್ರಬಂಧದ ಉಳಿದ ಭಾಗಕ್ಕೆ ಅನ್ಯಾಯವಾಗಿದೆ. ಒಂದು ಉದ್ಯಮವು ಬೆಳೆದಾಗ ಅದರ ಸಂಸ್ಥೆಗಳ ವೆಚ್ಚವು ಬದಲಾಗುವುದು ಸಾಮಗ್ರಿಗಳ ಬೆಲೆ ಬದಲಾದುದರಿಂದಲೋ, ಉತ್ಪಾದನೆಯ ತಂತ್ರವೇ ಬದಲಾದುದರಿಂದಲೋ ಎಂಬ ಭೇದವನ್ನು ವೈನರ್ ಅವರು ಅಲ್ಲಿ ಸ್ಪಷ್ಟಪಡಿಸಿದರು. ಬಾಹ್ಯ ಪರಿಣಾಮಗಳನ್ನು ಕುರಿತ ಮುಂದಿನ ಚರ್ಚೆಯೆಲ್ಲವೂ ಆ ಭೇದದ ಋಣದಲ್ಲಿದೆ. 1952ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘವು ಹೊರತಂದ ಬೆಲೆ ಸಿದ್ಧಾಂತದ ಸಂಕಲನದಲ್ಲಿ ಇಡೀ ಪ್ರಬಂಧವು ದೊರೆಯುತ್ತದೆ. ನಾಲ್ಕನೆಯ ನಕ್ಷೆಯನ್ನು ನೋಡಿ ನಕ್ಕವರು ಆ ಪುಟಗಳನ್ನೂ ಓದಬೇಕೆಂದು ಕೋರುತ್ತೇನೆ.