ನೀಲಿ ಹೊಗೆ ಓದುವ ವಿದ್ಯೆ

"ಗಾಡಿ ಆಯಿಲ್ ಕುಡೀತಿದೆ." ಮೆಕ್ಯಾನಿಕ್ ಬಾಯಿಂದ ಈ ಮಾತು ಬಂತೆಂದರೆ ಹಳೆಯ ಕಾರಿನ ಮಾಲೀಕನ ಮುಖ ಸಪ್ಪಗಾಗುತ್ತದೆ. ಅದರ ಬೆನ್ನಿಗೇ ಎರಡನೆಯ ಮಾತು: "ಬ್ಯಾಕ್ ಕಂಪ್ರೆಶನ್ ಜಾಸ್ತಿ ಇದೆ, ಇಂಜಿನ್ ಇಳಿಸಬೇಕು." ಈ ಎರಡು ಮಾತುಗಳ ನಡುವೆ ಒಂದು ಇಡೀ ವಿದ್ಯೆ ಅಡಗಿದೆ. ಹೊಗೆಯ ಬಣ್ಣ, ಅದು ಬರುವ ಹೊತ್ತು, ಆಯಿಲ್ ಮುಚ್ಚಳದ ಅಲುಗಾಟ, ಪ್ಲಗ್ಗಿನ ಮೇಲಿನ ಮಸಿ ಇವನ್ನೆಲ್ಲ ಓದಿ ರೋಗ ಎಲ್ಲಿದೆ ಎಂದು ಹೇಳುವ ವಿದ್ಯೆ ಅದು.

ಅದರ ಬೇರು ಪೆಟ್ರೋಲಿಗಿಂತ ಹಿಂದೆ, ಉಗಿ ಯಂತ್ರದ ಕಾಲದಲ್ಲಿದೆ. ಸಿಲಿಂಡರಿಗೂ ಪಿಸ್ಟನ್ನಿಗೂ ನಡುವಿನ ಸಂದಿಯನ್ನು ಆಗ ಕೊಬ್ಬಿನಲ್ಲಿ ನೆನೆಸಿದ ನಾರಿನ ಹುರಿಯಿಂದ ಮುಚ್ಚುತ್ತಿದ್ದರು. ಹುರಿ ಬೇಗ ಸವೆಯುತ್ತಿತ್ತು, ಉಗಿ ಸೋರುತ್ತಿತ್ತು. ಇಂಗ್ಲೆಂಡಿನ ರೈಲು ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1850ರ ದಶಕದ ಆರಂಭದಲ್ಲಿ ಒಂದು ಕಡೆ ಸೀಳಿದ ಲೋಹದ ಉಂಗುರವನ್ನು ಪಿಸ್ಟನ್ನಿನ ಸುತ್ತಲಿನ ತೋಡಿನಲ್ಲಿ ಕೂರಿಸಿದ. ಹೊರಕ್ಕೆ ಬಿಚ್ಚಿಕೊಳ್ಳುವ ತನ್ನದೇ ಗುಣದಿಂದ ಆ ಉಂಗುರ ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ನಿಂತಿತು. ಇಂದಿನ ಕಾರಿನ ಪಿಸ್ಟನ್ ರಿಂಗ್ ಅದರ ನೇರ ಸಂತತಿ.

ಕಾರಿನ ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗು. ಮೇಲಿನ ಎರಡು ಒತ್ತಡ ಹಿಡಿಯಲು, ಕೆಳಗಿನದು ಗೋಡೆಯ ಮೇಲಿನ ಆಯಿಲನ್ನು ಕೆರೆದು ಕೆಳಕ್ಕೆ ಕಳಿಸಲು. ರಿಂಗು ಸವೆದಾಗ ಎರಡೂ ಕೆಲಸ ಒಟ್ಟಿಗೆ ಕೆಡುತ್ತವೆ. ಉರಿದ ಗ್ಯಾಸು ಕೆಳಗಿನ ಆಯಿಲ್ ಸಂಪಿಗೆ ನುಗ್ಗುತ್ತದೆ, ಅದೇ ಬ್ಯಾಕ್ ಕಂಪ್ರೆಶನ್. ಕೆಳಗಿನ ಆಯಿಲ್ ಮೇಲೇರಿ ಉರಿಯುತ್ತದೆ, ಅದೇ ನೀಲಿ ಹೊಗೆ.

ಭಾರತದಲ್ಲಿ ಈ ವಿದ್ಯೆ ಅಷ್ಟು ಬೆಳೆಯಲು ಕೊರತೆಯೇ ಕಾರಣ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಆ ಗ್ಯಾಸನ್ನು ಸರಿಯಾಗಿ ಸೋಸದಿದ್ದರೆ ಅದರೊಂದಿಗೆ ಬಂದ ಬೂದಿಯೇ ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜುತ್ತಿತ್ತು. ಸ್ವಾತಂತ್ರ್ಯದ ನಂತರ, ಕಾರು ತಯಾರಿಸಲು ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸಿನ ಕಾಲ. ರಸ್ತೆಯಲ್ಲಿ ಮುಖ್ಯವಾಗಿ ಎರಡೇ ಕಾರು: 1489 ಸಿಸಿಯ ಅಂಬಾಸಿಡರ್, 1089 ಸಿಸಿಯ ಫಿಯೆಟ್. ಹೊಸದಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಹಳೆಯ ಇಂಜಿನನ್ನು ಎಸೆಯುವ ಯೋಚನೆಯೇ ಯಾರಿಗೂ ಬರಲಿಲ್ಲ, ಅದನ್ನು ಮತ್ತೆ ಮತ್ತೆ ಬದುಕಿಸಿದರು.

ಬದುಕಿಸುವ ಆ ಕೆಲಸದ ಹೆಸರು ಬೋರ್ ಮಾಡಿಸುವುದು. ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ವಾಲಿ ಒತ್ತುವ ಕಡೆ ಹೆಚ್ಚು ಸವೆದು ಬೋರು, ಅಂದರೆ ಸಿಲಿಂಡರಿನ ರಂಧ್ರ, ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೇಲ್ತುದಿಯಲ್ಲಿ, ರಿಂಗು ಮುಟ್ಟದ ಜಾಗದಲ್ಲಿ, ಉಗುರಿಗೆ ಸಿಗುವಂಥ ಒಂದು ಏಣು ಉಳಿಯುತ್ತದೆ. ಲೇತ್ ಅಂಗಡಿಯವರು ಬೋರನ್ನು ಮತ್ತೆ ದುಂಡಗೆ ಕೊರೆದು, ಆ ಅಳತೆಗೆ ತಕ್ಕ ದಪ್ಪ ಪಿಸ್ಟನ್ ಕೂರಿಸುತ್ತಾರೆ. ಇಪ್ಪತ್ತು ಥೌ, ಮೂವತ್ತು, ನಲವತ್ತು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ, ನಲವತ್ತು ಥೌ ಅಂದರೆ ಸುಮಾರು ಒಂದು ಮಿಲಿಮೀಟರ್. ಅದೂ ಮುಗಿದರೆ ಸ್ಲೀವ್ ಎಂಬ ಲೋಹದ ಕೊಳವೆ ಇಳಿಸಿ ಮೊದಲಿನ ಅಳತೆಗೆ ತರುತ್ತಾರೆ. ಬಿಡಿಭಾಗಗಳೂ ಕ್ರಮೇಣ ಇಲ್ಲೇ ತಯಾರಾದವು. ಮದ್ರಾಸಿನಲ್ಲಿ 1949ರಲ್ಲಿ ಇಂಡಿಯಾ ಪಿಸ್ಟನ್ಸ್ ಹುಟ್ಟಿತು. 1951ರಲ್ಲಿ ಸ್ಥಾಪನೆಯಾದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮಾಡಿತು. ಮುಂದೆ ಯಲಹಂಕದಲ್ಲಿ ಗೋಟ್ಜ್ ರಿಂಗುಗಳೂ ಬಂದವು. ಇವೆಲ್ಲ ಸಿಗುವ ಜಾಗವಾಗಿ ಬೆಂಗಳೂರಿನ ಜೆ.ಸಿ. ರಸ್ತೆ ಬೆಳೆಯಿತು.

ಬೋರಿಂಗ್ ದುಬಾರಿ. ಸಿಲಿಂಡರುಗಳ ಮೇಲೆ ಕೂತ ಹೆಡ್ಡು ಬಿಚ್ಚಿದ ಮೇಲೆ "ಅಯ್ಯೋ, ಇದರ ಅಗತ್ಯವೇ ಇರಲಿಲ್ಲ" ಎಂದರೆ ಆಗುವುದಿಲ್ಲ. ಆದ್ದರಿಂದ ಬಿಚ್ಚುವ ಮೊದಲೇ ತಿಳಿಯುವ ಉಪಾಯಗಳು ಮುಖ್ಯವಾದವು. ಅದಕ್ಕೆ ಘಟ್ಟದ ರಸ್ತೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಆಗುಂಬೆಯನ್ನು ಏರುವಾಗ, ಇಂಜಿನ್ ಏದುಸಿರು ಬಿಡುವ ಹೊತ್ತಿನಲ್ಲಿ ಒಂದೇ ಸಮನೆ ನೀಲಿ ಹೊಗೆ ಬಂದರೆ ಅನುಮಾನ ರಿಂಗಿನ ಮೇಲೆ. ಗೇರಿನಲ್ಲೇ ಇಳಿದು ಬಂದು, ಬುಡದಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಮುದ್ದೆ ನೀಲಿ ಹೊಗೆ ಹಾರಿ ಆಮೇಲೆ ತಿಳಿಯಾದರೆ ಅನುಮಾನ ವಾಲ್ವಿನ ಗೈಡು, ಸೀಲುಗಳ ಮೇಲೆ. ಇಳಿಜಾರಿನಲ್ಲಿ ಪೆಟ್ರೋಲ್ ಇಂಜಿನಿನೊಳಗೆ ಹೀರಿಕೆ ಜೋರಾಗುತ್ತದೆ, ಸಡಿಲ ಗೈಡಿನ ಸಂದಿಯಿಂದ ಆಯಿಲ್ ಒಳಕ್ಕೆ ಬರುತ್ತದೆ. ಒಂದೇ ಬಣ್ಣದ ಹೊಗೆ, ಎರಡು ಬೇರೆ ರೋಗ. ಖರ್ಚಿನಲ್ಲಂತೂ ಅಜಗಜಾಂತರ.

ಶೆಡ್ಡಿನ ಒಳಗಿನ ಪರೀಕ್ಷೆ ಇನ್ನೂ ಸೊಗಸು. ಪ್ಲಗ್ ಬಿಚ್ಚಿ ಗೇಜು ಒತ್ತಿ ಒಂದೊಂದು ಸಿಲಿಂಡರಿನ ಕಂಪ್ರೆಶನ್ ಅಳೆಯುತ್ತಾರೆ. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಯಿಲ್ ರಿಂಗಿನ ಸಂದಿಯನ್ನು ಕ್ಷಣಕಾಲ ಮುಚ್ಚುವುದರಿಂದ ಮುಳ್ಳು ಮೇಲೇರಿದರೆ ತಪ್ಪು ರಿಂಗು ಅಥವಾ ಬೋರಿನದು. ಮುಳ್ಳು ಕದಲದಿದ್ದರೆ ವಾಲ್ವನ್ನೋ ಹೆಡ್ ಗ್ಯಾಸ್ಕೆಟ್ಟನ್ನೋ ನೋಡಬೇಕು. ಒಂದು ಚಮಚ ಆಯಿಲಿನಲ್ಲಿ ಇಷ್ಟು ಉತ್ತರ ಸಿಗುತ್ತದೆ. ಆಯಿಲ್ ಮುಚ್ಚಳ ತೆಗೆದು ಹೊಗೆ ನೋಡುವ ರೂಢಿಯನ್ನು ಮಾತ್ರ ಅಷ್ಟು ನಂಬುವಂತಿಲ್ಲ. ಆರೋಗ್ಯವಾದ ಇಂಜಿನ್ ಕೂಡ ಅಲ್ಲಿ ಸ್ವಲ್ಪ ಉಸಿರು ಬಿಡುತ್ತದೆ.

ಆ ಉಸಿರಿಗೂ ಒಂದು ಕಥೆಯಿದೆ. ಹಿಂದೆ ಕಾರುಗಳ ಇಂಜಿನಿನಿಂದ ಒಂದು ಕೊಳವೆ ನೆಲದ ಕಡೆಗೆ ಇಳಿಬಿದ್ದಿರುತ್ತಿತ್ತು. ಬ್ಯಾಕ್ ಕಂಪ್ರೆಶನ್ನಿನ ಗ್ಯಾಸು, ಆಯಿಲ್ ಹನಿ ಎಲ್ಲ ಅದರಿಂದ ರಸ್ತೆಗೇ. 1950ರ ಸುಮಾರಿಗೆ ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿಗೆ ಬಿಸಿಲಿನಲ್ಲಿ ಮಾರ್ಪಡುವ ವಾಹನಗಳ ಆವಿ ಒಂದು ಮುಖ್ಯ ಕಾರಣವೆಂದು ಆರಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ತೋರಿಸಿದರು.  ಮುಂದೆ 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಲ್ಲಿ ಆ ಕೊಳವೆಯ ಗ್ಯಾಸನ್ನು ಮತ್ತೆ ಇಂಜಿನಿಗೇ ಹೀರಿಸಿ ಸುಡುವ ಪಿಸಿವಿ ವಾಲ್ವ್ ಬಂತು. ಹೆಬ್ಬೆರಳ ಗಾತ್ರದ ಈ ವಾಲ್ವಿಗೆ ಮಡ್ಡಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಒಸರುತ್ತದೆ. ರಿಂಗು ಸರಿಯಿದ್ದರೂ ರಿಂಗು ಹೋದ ಲಕ್ಷಣವೇ ಕಾಣುತ್ತದೆ.

ಹೊಗೆಯೂ ಈಗ ಮೊದಲಿನಷ್ಟು ನಿಜ ಹೇಳುವುದಿಲ್ಲ. 1995ರಲ್ಲಿ ದೇಶದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸಣ್ಣ ಪ್ರಮಾಣದ ಆಯಿಲ್ ಹೊಗೆಯನ್ನು ಅದು ಸುಟ್ಟು ಮರೆಮಾಡುತ್ತದೆ, ಆಯಿಲಿನಲ್ಲಿರುವ ರಂಜಕದಿಂದ ತಾನೂ ನಿಧಾನವಾಗಿ ಕೆಡುತ್ತದೆ. ಪೆಟ್ರೋಲ್ ಉಳಿಸಲೆಂದು ರಿಂಗುಗಳು ತೆಳ್ಳಗಾಗಿವೆ, ಗೋಡೆಯನ್ನು ಒತ್ತುವ ಬಲವೂ ತಗ್ಗಿದೆ. ಮಸಿ ಕಟ್ಟಿ ಅವು ತೋಡಿನಲ್ಲೇ ಅಂಟಿಕೊಂಡರೆ ಬೋರು ಸವೆಯದೆಯೂ ಆಯಿಲ್ ಖಾಲಿಯಾಗುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಆದರೆ ಅದನ್ನು ಓಡಿಸಿದವರು ಬೆಳಗಿನ ಹೊತ್ತು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡುತ್ತಿದ್ದ ಅಭ್ಯಾಸ ಇಂದಿನ ಕಾರಿಗೇ ಹೆಚ್ಚು ಬೇಕಾಗಿದೆ.

ನಿಮ್ಮ ಗಾಡಿಯೂ ಆಯಿಲ್ ಕುಡಿಯುತ್ತಿದೆ ಎಂದು ಯಾರಾದರೂ ಹೇಳಿದರೆ ಇಂಜಿನ್ ಇಳಿಸಲು ಒಪ್ಪುವ ಮೊದಲು ಎರಡು ಮಾತು ಕೇಳಿ: ಪಿಸಿವಿ ವಾಲ್ವ್ ಬಿಚ್ಚಿ ನೋಡಿದಿರಾ? ಚಮಚ ಆಯಿಲ್ ಹಾಕಿ ಕಂಪ್ರೆಶನ್ ಎರಡು ಸಲ ಅಳೆದಿರಾ?