ಹೆಪ್ಪು: ಹಾಲಿನಿಂದ ರಕ್ತನಾಳದವರೆಗೆ

ಹೆಪ್ಪು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಬಾಳು. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಬಿಡುವ ಚಮಚ ಮಜ್ಜಿಗೆಯೂ ಹೆಪ್ಪು, ಬೆಳಗಾಗುವಷ್ಟರಲ್ಲಿ ಹಾಲು ಗಟ್ಟಿಯಾದ ಸ್ಥಿತಿಯೂ ಹೆಪ್ಪು. ಒಂದು ಕಾರಣ, ಇನ್ನೊಂದು ಪರಿಣಾಮ. ಹಿಂದೆ ಈ ಮಾತಿನ ಮೊದಲಕ್ಷರ ಪಕಾರವಾಗಿತ್ತು; ಪಾಲು ಹಾಲಾದಂತೆ ಇದೂ ಹಕಾರಕ್ಕೆ ಹೊರಳಿತು. ಮೊಸರಿಗೆ ತೆಲುಗರು ಹೇಳುವ ಪೆರುಗು, ಹೆಪ್ಪಿಗೆ ತಮಿಳರು ಹೇಳುವ ಪಿರೈ ಇದರ ಒಡಹುಟ್ಟುಗಳು.

ಗ್ರೀಕರ ಥ್ರೋಂಬೊಸ್ ಕೂಡ ಗಡ್ಡೆಗಟ್ಟಿದ್ದನ್ನು ಹೇಳುವ ಪದ. ಕ್ರಿ.ಪೂ. 458ರಲ್ಲಿ ರಂಗಕ್ಕೆ ಬಂದ ಈಸ್ಕಿಲಸನ ನಾಟಕವೊಂದರಲ್ಲಿ ರಾಣಿ ಕ್ಲೈಟೆಮ್ನೆಸ್ಟ್ರಾ ಕನಸಿನಲ್ಲಿ ಹಾವಿಗೆ ಮೊಲೆಯೂಡುತ್ತಾಳೆ. ಹಾಲಿನೊಡನೆ ಬರುವ ನೆತ್ತರ ಗಡ್ಡೆಗೆ ಕವಿ ಬಳಸಿದ್ದು ಇದೇ ಮಾತು. 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ, ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡಬಿದ್ದ ಗಡ್ಡೆ ದೂರದ ಅಭಿಧಮನಿಯಿಂದ ಕಿತ್ತುಬಂದದ್ದು ಎಂದು ತೋರಿಸಿದರು. ಥ್ರಾಂಬೋಸಿಸ್ ಎಂಬ ಪದ ವೈದ್ಯಶಾಸ್ತ್ರದಲ್ಲಿ ಇಂದಿನ ಅರ್ಥಕ್ಕೆ ನೆಲೆಯಾದದ್ದು ಅವರಿಂದ.

ಈಗ ಕಾಲಿನ ಆಳದ ಅಭಿಧಮನಿಯಲ್ಲಿ ಇಂಥದ್ದಾದರೆ ನಾವು ರಕ್ತ ಹೆಪ್ಪುಗಟ್ಟಿದೆ ಎನ್ನುತ್ತೇವೆ. ಸರಿಯಾದ ಮಾತೇ. ಆದರೆ ನಮ್ಮ ಆರೋಗ್ಯ ಬರಹಗಳಲ್ಲಿ ಹೆಪ್ಪಿನ ಎರಡನೆಯ ಅರ್ಥವಷ್ಟೇ ಉಳಿದು, ಹೆಪ್ಪು ಹಾಕುವ ಅರ್ಥ ಅಡುಗೆಮನೆಯಲ್ಲೇ ನಿಂತುಬಿಟ್ಟಿದೆ. ರಕ್ತವಿಜ್ಞಾನ ಸುಮಾರು 80 ವರ್ಷಗಳಿಂದ ಬೆನ್ನುಹತ್ತಿರುವುದು ಆ ಮೊದಲ ಅರ್ಥವನ್ನೇ.

1946ರಲ್ಲಿ ಅರ್ವಿನ್ ಚಾರ್ಗಾಫ್ ಮತ್ತು ರಾಂಡಾಲ್ಫ್ ವೆಸ್ಟ್ ಪ್ಲಾಸ್ಮಾವನ್ನು ಅತಿವೇಗದಲ್ಲಿ ಗಿರಗಿರನೆ ತಿರುಗಿಸಿದರು. (ಮುಂದೆ ಡಿಎನ್‌ಎಯ ಪ್ರತ್ಯಾಮ್ಲಗಳ ಅನುಪಾತ ಕಂಡುಹಿಡಿದವರು ಇದೇ ಚಾರ್ಗಾಫ್.) ತಳಕ್ಕೆ ಕೂತ ಮಡ್ಡಿಯನ್ನು ತೆಗೆದರೆ ಪ್ಲಾಸ್ಮಾ ಹೆಪ್ಪುಗಟ್ಟಲು ತಡಮಾಡಿತು; ಮಡ್ಡಿಯನ್ನು ಮರಳಿ ಸೇರಿಸಿದರೆ ಬೇಗ ಗಟ್ಟಿಯಾಯಿತು. 1967ರಲ್ಲಿ ಬ್ರಿಟನ್ನಿನ ಪೀಟರ್ ವುಲ್ಫ್ ಈ ಕಣಗಳು ಪ್ಲೇಟ್‌ಲೆಟ್‌ಗಳಿಂದ ಉದುರಿದವು ಎಂದು ತೋರಿಸಿ, ಪ್ಲೇಟ್‌ಲೆಟ್ ಧೂಳು ಎಂದು ಕರೆದರು. ಒಳ್ಳೆಯ ವೀಕ್ಷಣೆಗೆ ಸಿಕ್ಕಿದ ಬಡಪಾಯಿ ಹೆಸರು ಎಂದೇ ನನಗನಿಸುತ್ತದೆ: ಧೂಳು ಎಂದ ಕೂಡಲೇ ಗುಡಿಸಿ ಎಸೆಯುವ ವಸ್ತು ನೆನಪಾಗುತ್ತದೆ, ಕೆಲಸ ಮಾಡುವ ವಸ್ತುವಲ್ಲ.

ಮೈಕ್ರೋಪಾರ್ಟಿಕಲ್ ಎಂದು ಆಮೇಲೆ ಹೆಸರಾದ ಇವು ಸುಮಾರು 0.1ರಿಂದ 1 ಮೈಕ್ರೋಮೀಟರ್ ಗಾತ್ರದ, ಜೀವಕೋಶದ ಪೊರೆಯೇ ಉಬ್ಬಿ ಕಳಚಿಕೊಂಡ ಪುಟ್ಟ ಚೀಲಗಳು. ಸ್ವಸ್ಥ ಕೋಶದ ಪೊರೆಯಲ್ಲಿ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬು ಒಳಮೈಯಲ್ಲಿ ಅಡಗಿರುತ್ತದೆ. ಪ್ಲೇಟ್‌ಲೆಟ್ ಕೆರಳಿ ಒಳಗೆ ಕ್ಯಾಲ್ಸಿಯಂ ನುಗ್ಗಿದಾಗ ಆ ಕೊಬ್ಬು ಹೊರಮೈಗೆ ಬರುತ್ತದೆ, ಚೀಲಗಳೂ ಕಳಚುತ್ತವೆ. ಋಣ ವಿದ್ಯುದಂಶವುಳ್ಳ ಆ ಹೊರಮೈಗೆ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಕ್ಯಾಲ್ಸಿಯಂ ನೆರವಿನಿಂದ ಅಂಟಿ ಒಂದೆಡೆ ಸೇರುತ್ತವೆ. ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುವುದು, ಥ್ರಾಂಬಿನ್ ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಗಳಾಗಿಸುವುದು ಆಮೇಲಿನ ಸಂಗತಿ. 2007ರ ಒಂದು ಅಧ್ಯಯನದ ಪ್ರಕಾರ, ಅಷ್ಟೇ ವಿಸ್ತಾರದ ಮೈಯನ್ನು ಹೋಲಿಸಿದರೆ ಕೆರಳಿದ ಪ್ಲೇಟ್‌ಲೆಟ್‌ಗಿಂತ ಈ ಚೀಲಗಳ ಹೆಪ್ಪುಗಟ್ಟಿಸುವ ಶಕ್ತಿ 50ರಿಂದ 100 ಪಟ್ಟು ಹೆಚ್ಚು.

ಇದಕ್ಕೆ ದೇಹವೇ ಕೊಟ್ಟ ಸಾಕ್ಷ್ಯ ಸ್ಕಾಟ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ಈ ಕಾಯಿಲೆ ಇರುವವರ ಪ್ಲೇಟ್‌ಲೆಟ್‌ಗಳ ಸಂಖ್ಯೆಯಲ್ಲಿ ಕೊರತೆಯಿಲ್ಲ; ಆದರೆ ಆ ಕೊಬ್ಬು ಹೊರಮೈಗೆ ಸರಿಯಾಗಿ ಬರುವುದಿಲ್ಲ, ಚೀಲಗಳೂ ಸಾಕಷ್ಟು ಕಳಚುವುದಿಲ್ಲ. ಹಲ್ಲು ಕೀಳಿಸಿದಾಗ, ಹೆರಿಗೆಯಾದಾಗ ರಕ್ತ ನಿಲ್ಲದೆ ಸುರಿಯುತ್ತದೆ.

ಇಲ್ಲಿ ಹೆಪ್ಪಿನ ಹೋಲಿಕೆಗೊಂದು ಮಿತಿ ಹಾಕಬೇಕು. ಮಜ್ಜಿಗೆಯಲ್ಲಿರುವುದು ಹಾಲಿನಲ್ಲಿ ಬೆಳೆದು ಮರಿಮಾಡುವ ಜೀವಿ. ರಕ್ತದ ಚೀಲಕ್ಕೆ ಜೀವವಿಲ್ಲ, ಮರಿಯಿಲ್ಲ. ಪ್ಲೇಟ್‌ಲೆಟ್‌ನಿಂದ ಕಳಚಿದ ಚೀಲ ಕೊಡುವುದು ಪ್ರೋಟೀನುಗಳಿಗೆ ಕೂರಲು ಜಾಗ ಮಾತ್ರ. ನಿಜವಾಗಿ ಕಿಡಿ ಹೊತ್ತಿಸುವುದು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು, ಅದನ್ನು ಹೊತ್ತ ಚೀಲಗಳು ಬರುವುದು ಹೆಚ್ಚಾಗಿ ಮೋನೋಸೈಟ್ ಎಂಬ ಬಿಳಿ ರಕ್ತಕಣಗಳಿಂದ. ಅಭಿಧಮನಿಯಲ್ಲಿ ಹರಿವು ನಿಧಾನವಾದಾಗ ನಾಳದ ಒಳಪದರ ಕೆರಳಿ ಪಿ-ಸೆಲೆಕ್ಟಿನ್ ಎಂಬ ಕೊಕ್ಕೆಗಳನ್ನು ಹೊರಚಾಚುತ್ತದೆ. ಬಿಳಿ ರಕ್ತಕಣಗಳೂ ಅವುಗಳಿಂದ ಕಳಚಿದ ಚೀಲಗಳೂ ಆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ; ಗಾಯವೇ ಇಲ್ಲದ ಕಡೆ ಗಡ್ಡೆ ಬೆಳೆಯುವುದಕ್ಕೆ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದ ದಾರಿಗಳಲ್ಲಿ ಇದೊಂದು. ಕ್ಯಾನ್ಸರ್ ಮತ್ತು ಅಭಿಧಮನಿಯ ಹೆಪ್ಪಿನ ನಂಟನ್ನು ಪ್ಯಾರಿಸಿನ ಆರ್ಮಾಂಡ್ ಟ್ರೂಸೋ 1865ರಲ್ಲೇ ಹೇಳಿದ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಕ್ಯಾನ್ಸರ್ ಕೋಶಗಳೇ ಟಿಶ್ಯೂ ಫ್ಯಾಕ್ಟರ್ ಹೊತ್ತ ಚೀಲಗಳನ್ನು ರಕ್ತಕ್ಕೆ ಬಿಡುವುದು ಈಗ ತಿಳಿದಿದೆ.

ಹೆಸರು ಮತ್ತೆ ಬದಲಾಗುತ್ತಿದೆ. ಇವು ಘನ ಕಣಗಳಲ್ಲ, ಪೊರೆಯ ಚೀಲಗಳು ಎಂಬ ಕಾರಣಕ್ಕೆ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಎಂಬ ಹೆಸರನ್ನು ಮುಂದಿಟ್ಟಿದೆ. ಕನ್ನಡದಲ್ಲಿ ಸೂಕ್ಷ್ಮಕಣ ಎಂದು ಬರೆಯುವವರೂ ಇದನ್ನು ಗಮನಿಸಬೇಕು. ಕೋಶಚೀಲ ಎಂದರೆ ವಸ್ತುವಿಗೆ ಹತ್ತಿರವಾಗುತ್ತದೆ.

ಇವನ್ನು ಎಣಿಸುವುದು ಸುಲಭವಲ್ಲ. ರಕ್ತ ಎಳೆಯುವ ಬಗೆ, ತಿರುಗಿಸುವ ವೇಗ, ಅತಿಶೀತದಲ್ಲಿ ಘನೀಕರಿಸಿ ಕರಗಿಸುವ ಕ್ರಮ, ಎಲ್ಲವೂ ಎಣಿಕೆಯನ್ನು ಏರುಪೇರು ಮಾಡುತ್ತವೆ. ಹೀಗಾಗಿ ಕಾಲು ಊದಿಕೊಂಡು ಬಂದವರಿಗೆ ವೈದ್ಯರು ಇಂದಿಗೂ ಬರೆಯುವುದು ಡಿ-ಡೈಮರ್ ಪರೀಕ್ಷೆ ಮತ್ತು ಡಾಪ್ಲರ್ ಸ್ಕ್ಯಾನ್. ಒಂದು, ಕಟ್ಟಿದ ಫೈಬ್ರಿನ್ ಕರಗುವಾಗ ಸಿಡಿದ ಚೂರನ್ನು ಅಳೆಯುತ್ತದೆ. ಇನ್ನೊಂದು ನಾಳದಲ್ಲಿ ಕೂತ ಗಡ್ಡೆಯನ್ನು ತೋರಿಸುತ್ತದೆ. ಎರಡೂ ಕಾಣುವುದು ಕಟ್ಟಿ ಮುಗಿದ ಹೆಪ್ಪನ್ನು.