ಸೈಯದ್ ಅಹ್ಮದ್ ಕೈಬಿಟ್ಟ ನಾಲ್ಕನೆಯ ಅಧ್ಯಾಯ

ಕುತುಬ್ ಮಿನಾರಿನ ಮೇಲಿನ ಅಂತಸ್ತುಗಳ ಶಾಸನಗಳನ್ನು ನೆಲದ ಮೇಲೆ ನಿಂತು ಓದಲಾಗುವುದಿಲ್ಲ. 1840ರ ದಶಕದಲ್ಲಿ ದೆಹಲಿಯ ಒಬ್ಬ ಮುನ್ಸೀಫರಿಗೆ ಅವನ್ನು ಓದಿ ಬರೆದುಕೊಳ್ಳಲೇಬೇಕು ಎನ್ನಿಸಿತು. ಎರಡು ಗಳಗಳನ್ನು ನಿಲ್ಲಿಸಿ, ಅವುಗಳ ನಡುವೆ ಒಂದು ಛೀಂಕಾ ಕಟ್ಟಿಸಿದರು. ಛೀಂಕಾ ಎಂದರೆ ನಮ್ಮ ಹಳೆಯ ಅಡುಗೆಮನೆಗಳಲ್ಲಿ ಬೆಕ್ಕಿಗೆ ಸಿಗದಂತೆ ಮೊಸರಿನ ಗಡಿಗೆ ತೂಗುಬಿಡುತ್ತಿದ್ದ ನೆಲುವು. ಮೊಸರಿನ ಗಡಿಗೆಯ ಜಾಗದಲ್ಲಿ ಮುನ್ಸೀಫರು ಕುಳಿತರು. ಅವರು ಮೇಲೆ ತೂಗಾಡುತ್ತ ಅಕ್ಷರ ನಕಲು ಮಾಡುವಾಗ ಕೆಳಗೆ ನಿಂತ ಗೆಳೆಯ ಇಮಾಮ್ ಬಖ್ಷ್ ಸಹಬಾಯಿಯವರ ಮುಖ ಭಯದಿಂದ ಬಿಳಿಚಿಕೊಳ್ಳುತ್ತಿತ್ತಂತೆ. ಈ ಕತೆಯನ್ನು ಹೇಳಿದವರು ಕವಿ ಅಲ್ತಾಫ್ ಹುಸೇನ್ ಹಾಲಿ, ಮುನ್ಸೀಫರ ಜೀವನಚರಿತ್ರೆ ‘ಹಯಾತ್-ಎ-ಜಾವೇದ್’ನಲ್ಲಿ.

ಮುನ್ಸೀಫರ ಹೆಸರು ಸೈಯದ್ ಅಹ್ಮದ್ ಖಾನ್. ಮುಂದೆ ಅಲಿಗಢದ ಕಾಲೇಜು ಕಟ್ಟಿ ಸರ್ ಸೈಯದ್ ಆದವರು ಇವರೇ. ಆದರೆ ಆ ಹೊತ್ತಿಗೆ ಅವರಿಗೆ ಮೂವತ್ತು ವರ್ಷ. ಅಣ್ಣ ತೀರಿಕೊಂಡಿದ್ದರಿಂದ ತಾಯಿಯ ಜೊತೆಗಿರಲು ದೆಹಲಿಗೆ ವರ್ಗ ಮಾಡಿಸಿಕೊಂಡು ಬಂದಿದ್ದರು. ಮನೆಯ ಖರ್ಚು ಹೆಚ್ಚಾಗಿತ್ತು, ಸಂಬಳ ಸಾಲುತ್ತಿರಲಿಲ್ಲ. ಒಂದು ಪುಸ್ತಕ ಬರೆದರೆ ನಾಲ್ಕು ಕಾಸು ಬಂದೀತು ಎಂಬ ಲೆಕ್ಕವೂ ಇತ್ತು ಎಂದು ಹಾಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಇದನ್ನು ಓದಿದಾಗ ನನಗೆ ಆ ಪುಸ್ತಕದ ಮೇಲೆ ಪ್ರೀತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೋರ್ಟಿಗೆ ರಜೆ ಸಿಕ್ಕಾಗಲೆಲ್ಲ ಊರಾಚೆಯ ಪಾಳುಗಳನ್ನು ಅಳೆಯಲು, ಶಾಸನ ಬರೆದುಕೊಳ್ಳಲು ಹೋಗುತ್ತಿದ್ದರು. 1847ರಲ್ಲಿ ಪುಸ್ತಕ ಬಂತು: ‘ಆಸಾರ್-ಉಸ್-ಸನಾದೀದ್’. ಹಿರಿಯರು ಬಿಟ್ಟುಹೋದ ಗುರುತುಗಳು ಎಂದು ಅರ್ಥ ಹೇಳಬಹುದು.

ದೆಹಲಿಯ ಕಟ್ಟಡಗಳ ಬಗ್ಗೆ ಅದಕ್ಕೆ ಮೊದಲು ಯಾರೂ ಬರೆದಿರಲಿಲ್ಲ ಎಂದಲ್ಲ. ಸಂಗೀನ್ ಬೇಗ್ ಎಂಬವರು ಕಂಪನಿಯ ಅಧಿಕಾರಿಗಳಿಗಾಗಿ ‘ಸೈರ್-ಉಲ್-ಮನಾಜಿಲ್’ ಬರೆದಿದ್ದರು. ಅದು ಫಾರ್ಸಿಯಲ್ಲಿತ್ತು, ಕೈಬರಹದಲ್ಲೇ ಉಳಿಯಿತು. 1844ರಲ್ಲಿ ಕಂಪನಿಯ ಏಜೆಂಟ್ ಥಾಮಸ್ ಮೆಟ್ಕಾಫ್, ಮಜ್ಹರ್ ಅಲಿ ಖಾನ್ ಮೊದಲಾದ ಚಿತ್ರಕಾರರಿಂದ ಬರೆಸಿದ ನೂರಕ್ಕೂ ಹೆಚ್ಚು ಬಣ್ಣದ ಚಿತ್ರಗಳನ್ನು ಒಂದು ಆಲ್ಬಮ್ಮಿನಲ್ಲಿ ಅಂಟಿಸಿ, ಪಕ್ಕದಲ್ಲಿ ತಮ್ಮ ಟಿಪ್ಪಣಿ ಬರೆದು, ಇಂಗ್ಲೆಂಡಿನಲ್ಲಿದ್ದ ಮಗಳಿಗೆ ಕಳಿಸಿದರು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬಹಳ ಚಂದದ ಆಲ್ಬಮ್. ಪ್ರತಿ ಒಂದೇ, ಓದುಗಳೂ ಒಬ್ಬಳೇ.

ಮೂರು ವರ್ಷಗಳ ನಂತರ ಸೈಯದ್ ಅಹ್ಮದ್ ಅದೇ ಊರಿನ ಅವೇ ಕಟ್ಟಡಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಫೈಜ್ ಅಲಿ ಖಾನ್ ಮತ್ತು ಮಿರ್ಜಾ ಶಾಹ್‌ರುಖ್ ಬೇಗ್ ಬರೆದ ರೇಖಾಚಿತ್ರಗಳು, ಅವುಗಳ ನಡುವೆ ಉರ್ದು ಗದ್ಯ. ಸರ್ಕಾರಿ ಕಚೇರಿಗಳಿಂದ ಫಾರ್ಸಿ ಹೋಗಿ ಆಗಷ್ಟೇ ಹತ್ತು ವರ್ಷವಾಗಿತ್ತು. ಗಂಭೀರ ವಿಷಯವನ್ನು ಉರ್ದುವಿನಲ್ಲಿ ಬರೆಯುವುದು ಇನ್ನೂ ರೂಢಿಗೆ ಬರುತ್ತಿದ್ದ ಕಾಲ. ಚಾಂದನಿ ಚೌಕದಲ್ಲಿ ಮಾತಾಡುವ ಭಾಷೆಯಲ್ಲಿ ಚಾಂದನಿ ಚೌಕದ ಚರಿತ್ರೆ ಬಂತು. ಕಾಸು ಕೊಟ್ಟವರು ಯಾರಾದರೂ ಕೊಳ್ಳಬಹುದಿತ್ತು.

ಆ ಮೊದಲ ಆವೃತ್ತಿಯಲ್ಲಿ ನಾಲ್ಕು ಅಧ್ಯಾಯಗಳು. ಊರಾಚೆಯ ಕಟ್ಟಡಗಳು, ಕೆಂಪುಕೋಟೆ, ಶಾಹಜಹಾನಾಬಾದ್ ನಗರ, ಇವು ಮೂರು. ನಾಲ್ಕನೆಯದು ದೆಹಲಿಯ ಜನ. ಲೇಖಕರ ಕಾಲದ, ಹೆಚ್ಚುಕಡಿಮೆ ಅವರು ಕಂಡು ಕೇಳಿದ ಸುಮಾರು ನೂರಿಪ್ಪತ್ತು ಮಂದಿ: ಸೂಫಿಗಳು, ಹಕೀಮರು, ಮೌಲವಿಗಳು, ಕುರಾನ್ ಪಠಿಸುವವರು, ಕವಿಗಳು, ಕೈಬರಹದ ಕಲಾವಿದರು, ಚಿತ್ರಕಾರರು, ಹಾಡುಗಾರರು, ಬೀನ್ ನುಡಿಸುವವರು. ಗಾಲಿಬ್ ಇದ್ದಾರೆ, ಮೋಮಿನ್ ಇದ್ದಾರೆ, ಜೌಕ್ ಇದ್ದಾರೆ, ಕುತುಬ್ ಮಿನಾರಿನ ಬುಡದಲ್ಲಿ ಹೆದರಿ ನಿಂತಿದ್ದ ಸಹಬಾಯಿಯೂ ಇದ್ದಾರೆ. ಪಾಳುಗೋರಿಗಳಿಂದ ಹೊರಟ ಪುಸ್ತಕ ಪಕ್ಕದ ಬೀದಿಯ ಹಕೀಮರ ಮನೆಗೆ ಬಂದು ಮುಗಿಯುತ್ತದೆ. ಹಿರಿಯರ ಗುರುತುಗಳಲ್ಲಿ ಬದುಕಿರುವ ಹಿರಿಯರೂ ಸೇರುತ್ತಾರೆ ಎಂದು ಅವರಿಗೆ ಆಗ ಅನ್ನಿಸಿತ್ತು.

ಆಮೇಲೆ ಹಾಗೆ ಅನ್ನಿಸಲಿಲ್ಲ. ದೆಹಲಿಯ ಕಲೆಕ್ಟರ್ ರಾಬರ್ಟ್ಸ್ ಪುಸ್ತಕದ ಪ್ರತಿಯನ್ನು ಲಂಡನ್ನಿಗೆ ಒಯ್ದು ರಾಯಲ್ ಏಷ್ಯಾಟಿಕ್ ಸೊಸೈಟಿಯವರಿಗೆ ತೋರಿಸಿದರು. ಅವರು ಮೆಚ್ಚಿದರು, ಇಂಗ್ಲಿಷಿಗೆ ಬರಬೇಕೆಂದರು. ಅನುವಾದಕ್ಕೆ ಕೂತಾಗ ತೊಡಕುಗಳು ಕಂಡವು. ಮೊದಲ ಆವೃತ್ತಿಯ ಭಾಷೆ ಬಹಳ ಅಲಂಕಾರದ್ದು. ಅದರಲ್ಲಿ ಸಹಬಾಯಿಯ ಕೈ ದೊಡ್ಡದು ಎನ್ನುತ್ತಾರೆ. ನಮ್ಮ ಚಂಪೂ ಕಾವ್ಯಗಳ ಗದ್ಯಭಾಗವನ್ನು ನೆನೆದುಕೊಳ್ಳಿ: ಒಂದು ಬಾಗಿಲನ್ನು ವರ್ಣಿಸಲು ಹೊರಟರೆ ಉಪಮೆಗಳ ಮೆರವಣಿಗೆ ಮುಗಿಯುವವರೆಗೆ ಬಾಗಿಲು ತೆರೆಯುವುದಿಲ್ಲ. ಸೈಯದ್ ಅಹ್ಮದ್ ಪುಸ್ತಕವನ್ನು ಹೊಸದಾಗಿ ಬರೆದರು. 1854ರ ಎರಡನೆಯ ಆವೃತ್ತಿ ನೇರ ಗದ್ಯದಲ್ಲಿದೆ. ಕಟ್ಟಡಗಳು ಕಾಲಾನುಕ್ರಮದಲ್ಲಿ ಬರುತ್ತವೆ, ಶಾಸನಗಳ ಪಾಠವಿದೆ, ಯಾವ ಮಾತಿಗೆ ಯಾವ ಗ್ರಂಥದ ಆಧಾರ ಎಂದಿದೆ. ಇತಿಹಾಸದ ಶಿಸ್ತಿನಿಂದ ನೋಡಿದರೆ ಇದೇ ಉತ್ತಮ ಪುಸ್ತಕ, ಅದರಲ್ಲಿ ಎರಡು ಮಾತಿಲ್ಲ. ಫ್ರೆಂಚ್ ವಿದ್ವಾಂಸ ಗಾರ್ಸಾಂ ದ ತಾಸಿ ಅನುವಾದಿಸಿದ್ದು ಇದನ್ನು. 1864ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿ ಅವರಿಗೆ ಗೌರವ ಸದಸ್ಯತ್ವ ಕೊಟ್ಟಿತು.

ನಾಲ್ಕನೆಯ ಅಧ್ಯಾಯ ಮಾತ್ರ ಅದರಲ್ಲಿಲ್ಲ. ಬದುಕಿರುವವರ ಗುಣಗಾನ ಪುರಾತತ್ವದ ಪುಸ್ತಕದಲ್ಲಿ ಏಕೆ ಎಂದು ಯಾರು ಕೇಳಿದರೂ ಸಮಂಜಸವೇ. ಆದರೆ ಮೂರೇ ವರ್ಷದಲ್ಲಿ ಏನಾಯಿತು ಎಂದು ನಮಗೆ ಗೊತ್ತಿದೆ.

ನಡುವೆ ಒಂದು ಮಾತು. 1855ರಲ್ಲಿ ಸೈಯದ್ ಅಹ್ಮದ್ ಅಬುಲ್ ಫಜಲನ ‘ಐನ್-ಎ-ಅಕ್ಬರಿ’ಯನ್ನು ಸಂಪಾದಿಸಿ, ಮುನ್ನುಡಿಯಂತೆ ನಾಲ್ಕು ಮಾತು ಬರೆದುಕೊಡಿ ಎಂದು ಗಾಲಿಬ್ ಬಳಿ ಹೋದರು. ಗಾಲಿಬ್ ಫಾರ್ಸಿಯಲ್ಲಿ ಒಂದು ಪದ್ಯವನ್ನೇ ಬರೆದುಕೊಟ್ಟರು. ಅದರ ತಾತ್ಪರ್ಯ: ಸತ್ತವರನ್ನು ಪೂಜಿಸುತ್ತ ಕೂರುವುದು ಒಳ್ಳೆಯದಲ್ಲ, ಕಣ್ಣು ತೆರೆದು ಆಂಗ್ಲರ ಉಗಿಹಡಗು ನೋಡು. ಸೈಯದ್ ಅಹ್ಮದ್ ಅದನ್ನು ಪುಸ್ತಕದಲ್ಲಿ ಅಚ್ಚು ಹಾಕಲಿಲ್ಲ. ಯಾರು ತಾನೇ ಹಾಕಿಯಾರು!

1857ರ ಸೆಪ್ಟೆಂಬರಿನಲ್ಲಿ ಕಂಪನಿಯ ಸೈನ್ಯ ದೆಹಲಿಯನ್ನು ಮರಳಿ ಹಿಡಿಯಿತು. ಊರಿನವರನ್ನು ಊರಿನಿಂದ ಹೊರಗಟ್ಟಿದರು. ಕೂಚಾ ಚೇಲಾನ್ ಎಂಬ ಮೊಹಲ್ಲಾದ ಗಂಡಸರನ್ನು ಹಿಡಿದು ಕೊಂದರು. ಸಹಬಾಯಿ ತಮ್ಮ ಮಕ್ಕಳೊಂದಿಗೆ ಅಲ್ಲಿಯೇ ಸಿಕ್ಕಿಬಿದ್ದು ಗುಂಡಿಗೆ ಬಲಿಯಾದರು. ದೆಹಲಿ ಕಾಲೇಜಿನಲ್ಲಿ ಫಾರ್ಸಿ ಕಲಿಸುತ್ತಿದ್ದ ಮೇಷ್ಟ್ರು ಅವರು. ದೊಡ್ಡ ವಿದ್ವಾಂಸ, ನ್ಯಾಯಾಧೀಶ ಸದ್ರುದ್ದೀನ್ ಆಜುರ್ದಾ ಜೈಲು ಕಂಡರು, ಅವರ ಗ್ರಂಥಭಂಡಾರ ಕೈಬಿಟ್ಟುಹೋಯಿತು. ಗಾಲಿಬ್ ಉಳಿದುಕೊಂಡರು. ಇಲ್ಲದಾದ ಬಜಾರುಗಳ, ಬಾವಿಗಳ ಹೆಸರು ಹಿಡಿದು ಗೆಳೆಯರಿಗೆ ಪತ್ರ ಬರೆಯುತ್ತ ಕುಳಿತರು. ಸೈಯದ್ ಅಹ್ಮದ್ ಆಗ ಬಿಜನೌರಿನಲ್ಲಿ ನೌಕರಿಯಲ್ಲಿದ್ದರು. ದೆಹಲಿಗೆ ಬಂದು ಹುಡುಕಿದಾಗ ತಾಯಿ ಕುದುರೆ ನೋಡಿಕೊಳ್ಳುವವನ ಕೋಣೆಯೊಂದರಲ್ಲಿ ಅಡಗಿದ್ದರು. ಕುದುರೆಗೆ ಹಾಕುವ ಕಾಳು ತಿಂದು, ಕೊನೆಗೆ ನೀರೂ ಇಲ್ಲದೆ ದಿನ ದೂಡಿದ್ದರು. ಮೀರಠಿಗೆ ಕರೆದೊಯ್ದರು. ಅಲ್ಲಿ ಆಕೆ ತೀರಿಕೊಂಡರು.

ಜನರಾದ ಮೇಲೆ ಕಟ್ಟಡಗಳ ಸರದಿ. ಊರಿನಿಂದ ಬಂದ ನೆಂಟರನ್ನು ಕೆಂಪುಕೋಟೆಗೆ ಕರೆದೊಯ್ದವರಿಗೆ ಒಳಗಿನ ನಕ್ಷೆ ಬಾಯಿಪಾಠವಿರುತ್ತದೆ: ಲಾಹೋರಿ ಗೇಟು, ಛತ್ತಾ ಬಜಾರು, ನೌಬತ್ ಖಾನಾ, ದಿವಾನ್-ಎ-ಆಮ್, ಆಮೇಲೆ ನದಿಯ ಕಡೆಗೆ ಅಲ್ಲೊಂದು ಇಲ್ಲೊಂದು ಬಿಳಿ ಮಹಲು. ನಡುವೆಲ್ಲ ಹುಲ್ಲುಹಾಸು. ಮೊಗಲರಿಗೆ ಎಷ್ಟು ವಿಶಾಲವಾದ ಬಯಲು ಬೇಕಾಗಿತ್ತಲ್ಲ ಎಂದು ನೆಂಟರು ಮೆಚ್ಚುತ್ತಾರೆ. ಆ ಬಯಲು ಮೊಗಲರದ್ದಲ್ಲ. ಅಲ್ಲಿ ಅಂಗಳಗಳು, ಓಣಿಗಳು, ತೋಟಗಳು, ಜನಾನಾದ ಮನೆಗಳು ಒತ್ತೊತ್ತಾಗಿದ್ದವು. ಗೆದ್ದ ಸೈನ್ಯ ಕೋಟೆಯೊಳಗಿನ ಬಹುಪಾಲನ್ನು ಕೆಡವಿ ಬ್ಯಾರಕ್ಕು ಕಟ್ಟಿಕೊಂಡಿತು. ಕೆಡಹುವ ಮೊದಲು ಒಂದು ನಕ್ಷೆಯನ್ನಾದರೂ ಮಾಡಿಡಬೇಕೆಂದು ಯಾರಿಗೂ ತೋಚಲಿಲ್ಲ ಎಂದು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 1876ರಲ್ಲಿ ಕಟುವಾಗಿಯೇ ಬರೆದರು, ಅವರೂ ಬ್ರಿಟಿಷರೇ. ಕೋಟೆಯ ಹೊರಗೂ ಸುಮಾರು 450 ಗಜದವರೆಗೆ ಇದ್ದದ್ದನ್ನೆಲ್ಲ ಬಯಲು ಮಾಡಿದರು. ಜಾಮಾ ಮಸೀದಿಯನ್ನು ಊರಿನವರಿಗೆ ಹಿಂದಿರುಗಿಸಿದ್ದು 1862ರಲ್ಲಿ. ಶಾಹಜಹಾನನ ಪತ್ನಿ ಅಕ್ಬರಾಬಾದಿ ಬೇಗಂ 1650ರಲ್ಲಿ ಕಟ್ಟಿಸಿದ್ದ ಮಸೀದಿಯನ್ನು ಹಿಂದಿರುಗಿಸುವ ಪ್ರಶ್ನೆಯೇ ಬರಲಿಲ್ಲ, ಅದು ನೆಲಸಮವಾಗಿತ್ತು.

ಫರ್ಗುಸನ್ ಹೇಳಿದ ಆ ಇಲ್ಲದ ನಕ್ಷೆಗೆ ಬದಲಾಗಿ ನಮಗಿರುವ ಆಸರೆಗಳಲ್ಲಿ ‘ಆಸಾರ್’ ಒಂದು. ಕೋಟೆಯ ಒಳಗೆ ಎಲ್ಲಿ ಏನಿತ್ತು ಎಂಬ ವಿವರ ಅದರ ಎರಡನೆಯ ಅಧ್ಯಾಯದಲ್ಲಿದೆ. ಅಕ್ಬರಾಬಾದಿ ಮಸೀದಿಯ ರೇಖಾಚಿತ್ರವಿದೆ. 2012ರಲ್ಲಿ ಮೆಟ್ರೋ ಕೆಲಸಕ್ಕಾಗಿ ಸುಭಾಷ್ ಪಾರ್ಕಿನ ಬಳಿ ಅಗೆದಾಗ ಹಳೆಯ ಗೋಡೆಗಳು ಸಿಕ್ಕವು. ಅದು ಆ ಮಸೀದಿಯೇ ಎಂದು ಕೆಲವರು, ಅಷ್ಟು ಬೇಗ ಹೇಳಲಾಗದು ಎಂದು ಕೆಲವರು. ವಿವಾದ ಹೈಕೋರ್ಟಿಗೂ ಹೋಯಿತು. ಊರಿನ ಚರಿತ್ರೆಯನ್ನು ನಕ್ಷೆಯಿಲ್ಲದೆ ಕೆಡವಿದರೆ ನೂರೈವತ್ತು ವರ್ಷ ಕಳೆದರೂ ಅದರ ಜಗಳ ಮುಗಿಯುವುದಿಲ್ಲ.

ಕಲ್ಲಿನ ಕಟ್ಟಡಗಳ ವಿವರಗಳು ಎರಡೂ ಆವೃತ್ತಿಗಳ ಕಾರಣದಿಂದ ಉಳಿದವು. ಆದರೆ ಸತ್ತವರ, ಚದುರಿಹೋದವರ ಸುದ್ದಿ ಉಳಿದದ್ದು ಮೊದಲ ಆವೃತ್ತಿಯಲ್ಲಿ ಮಾತ್ರ. ವಿದ್ವಾಂಸರ ಕಣ್ಣಿಗೆ ಹೆಚ್ಚಿನದೆಂದು ಕಂಡು ಬಿಟ್ಟುಹೋದ ಭಾಗವೇ ಇವತ್ತು 1857ರ ಮುಂಚಿನ ದೆಹಲಿಯ ಸಂಗೀತ, ವೈದ್ಯ, ಕವಿತೆಗಳ ಮೇಲೆ ಕೆಲಸ ಮಾಡುವವರು ಮೊದಲು ತೆರೆಯುವ ಪುಟಗಳು. ಅಲಂಕಾರದ ಭಾಷೆ ಈಗ ಅಷ್ಟೇನೂ ಕಾಡುವುದಿಲ್ಲ.

ಊರು ಎರಡನೆಯ ಸಲ ಬದಲಾದದ್ದು 1911ರ ಡಿಸೆಂಬರಿನಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವ ಘೋಷಣೆಯಾದಾಗ. ಈ ಸಲ ಸರ್ಕಾರ ಪಾಠ ಕಲಿತಿತ್ತು: ಅಗೆಯುವ ಮೊದಲು ಪಟ್ಟಿ ಮಾಡಿಸಿತು. ಪುರಾತತ್ವ ಇಲಾಖೆಯ ಮೌಲವಿ ಜಫರ್ ಹಸನ್ 1916ರಿಂದ 1922ರವರೆಗೆ ನಾಲ್ಕು ಸಂಪುಟಗಳಲ್ಲಿ ದೆಹಲಿ ಪ್ರಾಂತದ 1,300ಕ್ಕೂ ಹೆಚ್ಚು ಸ್ಮಾರಕಗಳನ್ನು ದಾಖಲಿಸಿದರು. ಎಲ್ಲಿದೆ, ಯಾರ ಒಡೆತನ, ಈಗಿನ ಸ್ಥಿತಿ ಏನು, ಶಾಸನವಿದ್ದರೆ ಅದರ ಪಾಠ, ಎಲ್ಲವೂ ಇವೆ. ಪ್ರತಿಯೊಂದಕ್ಕೂ ದರ್ಜೆ: ಒಂದನೆಯ ದರ್ಜೆ ಎಂದರೆ ದುರಸ್ತಿ ಮಾಡಿ ಕಾಪಾಡತಕ್ಕದ್ದು, ಮೂರನೆಯದು ಎಂದರೆ ಕಾಪಾಡಲಾಗದ್ದು ಅಥವಾ ಕಾಪಾಡಬೇಕಿಲ್ಲದ್ದು. ನೂರು ವರ್ಷ ದಾಟಿದರೂ ದೆಹಲಿಯ ಮೇಲೆ ಕೆಲಸ ಮಾಡುವ ಯಾರಿಗೂ ಆ ಪಟ್ಟಿಯಿಲ್ಲದೆ ನಡೆಯುವುದಿಲ್ಲ. ಜಫರ್ ಹಸನರಷ್ಟು ದುಡಿದು ಅವರಷ್ಟು ಅಜ್ಞಾತರಾಗಿ ಉಳಿದವರು ಕಡಿಮೆ.

ಆದರೆ ಅದು 1854ರ ಪುಸ್ತಕದ ವಂಶದ್ದು. ಗೋರಿಗಳಿಗೆ ಕ್ರಮಸಂಖ್ಯೆ ಬಿತ್ತು. ಹೊಸ ದೆಹಲಿಗಾಗಿ ಎಬ್ಬಿಸಿದ ರಾಯಸೀನಾ, ಮಾಲ್ಚಾಗಳಂಥ ಹಳ್ಳಿಗಳ ಒಕ್ಕಲುಗಳು ಸ್ಮಾರಕಗಳಲ್ಲವಲ್ಲ! ರಾಯಸೀನಾದ ಹೆಸರು ಗುಡ್ಡಕ್ಕೆ ಅಂಟಿಕೊಂಡು ಉಳಿಯಿತು, ಮಾಲ್ಚಾದ ಹೆಸರು ಚಾಣಕ್ಯಪುರಿಯ ಒಂದು ದುಬಾರಿ ರಸ್ತೆಗೆ. ಮಾಲ್ಚಾದಿಂದ ಎದ್ದವರ ಮೊಮ್ಮಕ್ಕಳು, ಮರಿಮಕ್ಕಳು ಹರಿಯಾಣದ ಸೋನಿಪತ್ ಕಡೆ ಇದ್ದಾರೆ. ಪರಿಹಾರದ ಮಾತು ಅವರಲ್ಲಿ ಇನ್ನೂ ಜೀವಂತವಿದೆ.

ಕನ್ನಡಿಗರಿಗೆ ಈ ಜಾಗದಲ್ಲಿ ಬಿ.ಎಲ್. ರೈಸ್ ನೆನಪಾಗದೆ ಇರುವುದಿಲ್ಲ. 1886ರಿಂದ ಸುಮಾರು ಎರಡು ದಶಕ ಅವರು ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಕೂಡ ಸರ್ಕಾರಿ ಪಟ್ಟಿಯೇ. ಒಂಬತ್ತು ಸಾವಿರದ ಆಸುಪಾಸು ಶಾಸನಗಳು. ಆದರೆ ಎರಡು ವಿಷಯದಲ್ಲಿ ನಮಗೆ ಅದೃಷ್ಟವಿತ್ತು. ರೈಸ್ ಇಂಗ್ಲಿಷ್ ಅನುವಾದದ ಜೊತೆಗೆ ಮೂಲಪಾಠವನ್ನು ಕನ್ನಡ ಲಿಪಿಯಲ್ಲೂ ಅಚ್ಚು ಹಾಕಿಸಿದರು, ಆದ್ದರಿಂದ ಹಳ್ಳಿಯ ಶಾನುಭೋಗರೂ ಶಾಲೆಯ ಮೇಷ್ಟ್ರೂ ಬೇಕಾದರೆ ಓದಬಹುದಿತ್ತು. ಎರಡನೆಯದಾಗಿ, ನಮ್ಮ ವೀರಗಲ್ಲುಗಳಲ್ಲಿ ನಾಲ್ಕನೆಯ ಅಧ್ಯಾಯ ಕಲ್ಲಿನ ಮೇಲೆಯೇ ಇದೆ: ತುರು ಕಾಯುತ್ತ ಸತ್ತವನು, ಊರಿಗಾಗಿ ಬಿದ್ದವನು, ಹೆಸರು ಸಮೇತ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಅದನ್ನು ಎತ್ತಿ ನಿಲ್ಲಿಸಲು ಮುಂದೆ ಬಂದವರು ಸಾಮಾನ್ಯ ನಾಗರಿಕರು. 2021ರಿಂದ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಜನರಿಗೆ ತೆರೆದಿಡುತ್ತಿದೆ. ರೈಸ್ ನೋಡಿದ ಎಷ್ಟೋ ಕಲ್ಲುಗಳು ಅವರು ಹೇಳಿದ ಜಾಗದಲ್ಲಿಲ್ಲ ಎಂಬುದು ಬೇರೆ ಸಂಗತಿ.

ದೆಹಲಿಯ ಪಟ್ಟಿಯಲ್ಲೂ ಹಾಗೇ ಆಯಿತು. 2024ರ ಮಾರ್ಚಿನಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ದೇಶದ 18 ಸಂರಕ್ಷಿತ ಸ್ಮಾರಕಗಳನ್ನು ಪಟ್ಟಿಯಿಂದ ಕೈಬಿಡುವುದಾಗಿ ಪ್ರಕಟಿಸಿತು. ಕಾರಣ, ಅವುಗಳ ಪತ್ತೆಯೇ ಇರಲಿಲ್ಲ. 1958ರ ಕಾಯಿದೆಯ 35ನೆಯ ಕಲಮಿನ ಭಾಷೆಯಲ್ಲಿ ಅವಕ್ಕೆ ‘ರಾಷ್ಟ್ರೀಯ ಮಹತ್ವ’ ಇಲ್ಲವಾಗಿದೆ. ಅದರಲ್ಲಿ ದೆಹಲಿಯವು ಎರಡು: ಬಾರಾಖಂಬಾ ಸ್ಮಶಾನ, ಮತ್ತು ಕೋಟ್ಲಾ ಮುಬಾರಕ್‌ಪುರದ ಇಂಚ್ಲಾ ವಾಲೀ ಗುಮ್ಟಿ. ಕಟ್ಟಡ ಪಟ್ಟಿಯಲ್ಲಿತ್ತು, ಕಾನೂನಿನ ರಕ್ಷಣೆಯೂ ಇತ್ತು. ಇಲ್ಲದೆ ಹೋದದ್ದು ಅದು ತಮ್ಮದು ಎಂದುಕೊಳ್ಳುವ ಅಕ್ಕಪಕ್ಕದವರು.

ಅಕ್ಕಪಕ್ಕದವರಿಂದಲೇ ಶುರುಮಾಡಿದ ಒಂದು ಪ್ರಯತ್ನವೂ ದೆಹಲಿಯಲ್ಲಿ ನಡೆದಿದೆ. ಇಲ್ಲಿನ ಅಂಬೇಡ್ಕರ್ ವಿಶ್ವವಿದ್ಯಾಲಯದ ಸಮುದಾಯ ಜ್ಞಾನ ಕೇಂದ್ರದವರು 2010ರ ದಶಕದಲ್ಲಿ ‘ಮೊಹಲ್ಲಾ ಮ್ಯೂಸಿಯಂ’ಗಳನ್ನು ಮಾಡಿದರು. ಮೊದಮೊದಲಿನದಕ್ಕೆ ಆರಿಸಿಕೊಂಡದ್ದು ಪಟೇಲ್ ನಗರದ ಕಡೆಯ ಶಾದೀಖಾಂಪುರ; ಪ್ರವಾಸಿಗಳು ಕಾಲಿಡದ, ನಗರ ನುಂಗಿ ಅರಗಿಸಿಕೊಂಡ ಹಳ್ಳಿ. ಅಲ್ಲಿ ಹಳೆಯ ಒಕ್ಕಲುಗಳ ಮನೆಗಳಿವೆ, ದೇಶ ಒಡೆದಾಗ ಬಂದವರಿದ್ದಾರೆ, ಕೂಲಿಗೆಂದು ಬಂದು ನಿಂತವರಿದ್ದಾರೆ. ವಿದ್ಯಾರ್ಥಿಗಳು ಅವರ ಮಾತನ್ನು ಧ್ವನಿಮುದ್ರಿಸಿಕೊಂಡು, ಮನೆಗಳ ಫೋಟೋ ಮತ್ತು ಸಾಮಾನುಗಳನ್ನು ಕೇಳಿ ತಂದು, ಅದೇ ಮೊಹಲ್ಲಾದಲ್ಲಿ ಪ್ರದರ್ಶನಕ್ಕಿಟ್ಟರು. ನೋಡಲು ಬಂದವರಿಗೆ ಅಲ್ಲಿ ಕಂಡದ್ದು ಅವರವರ ಅಜ್ಜ ಅಜ್ಜಿಯರು.

‘ಆಸಾರ್’ನ ಎರಡೂ ಆವೃತ್ತಿಗಳನ್ನು ಒಟ್ಟಿಗಿಟ್ಟು ರಾಣಾ ಸಫ್ವಿ 2018ರಲ್ಲಿ ಇಂಗ್ಲಿಷಿಗೆ ತಂದರು. ರಾಬರ್ಟ್ಸ್ ಸಾಹೇಬರು ಲಂಡನ್ನಿಗೆ ಒಯ್ದ ಪುಸ್ತಕ ಹೀಗೆ ನೂರೆಪ್ಪತ್ತು ವರ್ಷ ತಡವಾಗಿ ಇಂಗ್ಲಿಷಾಯಿತು, ಅಷ್ಟರಲ್ಲಿ ದೆಹಲಿಯಲ್ಲೇ ಅದರ ಲಿಪಿ ಓದಬಲ್ಲವರು ವಿರಳವಾಗಿದ್ದರು.